ಲೂಸಿಗೆ ಮರೆವು, ನಮಗೆ ಜಗಳ

ಭಾನುವಾರ ಸಂಜೆ ಕುವೆಂಪುನಗರದ ಅತ್ತಿಗೆ ಮನೆಯಲ್ಲಿ ನಾವು ನಾಲ್ಕು ಜನ ಕೂತು '50 ಫಸ್ಟ್ ಡೇಟ್ಸ್' ನೋಡಿದೆವು. 2004ರ ಸಿನಿಮಾ. ಆಡಮ್ ಸ್ಯಾಂಡ್ಲರ್, ಡ್ರೂ ಬ್ಯಾರಿಮೋರ್, ಹವಾಯಿ ದ್ವೀಪ. ಸಿನಿಮಾ ಎರಡು ಗಂಟೆಯೂ ಇಲ್ಲ. ಜಗಳ ಮಾತ್ರ ಊಟ ಆಗಿ ಎಲೆ ಅಡಿಕೆ ಹಾಕಿಕೊಂಡರೂ ಮುಗಿಯಲಿಲ್ಲ.

ಅತ್ತಿಗೆ ಅಂದರೆ ನನ್ನೊಬ್ಬನಿಗೇ ಅಲ್ಲ, ಇಡೀ ಗುಂಪಿಗೆ ಅತ್ತಿಗೆ. ಡಾಕ್ಟ್ರು ಅಂದರೆ ಔಷಧಿ ಅಂಗಡಿ ಇಟ್ಟಿರುವವನು. ಇನ್ನೊಬ್ಬ ಕೊಕ್ಕೆ. ಮದುವೆ ಕಾರ್ಡ್ ಕೊಟ್ಟರೆ ಮೊದಲು ಕಾಗುಣಿತದ ತಪ್ಪು ಹುಡುಕಿ, ಆಮೇಲೆ ಯಾರ ಮದುವೆ ಅಂತ ನೋಡುವವನು.

ಕಥೆ ಇಷ್ಟೆ. ಹೆನ್ರಿ ಸಮುದ್ರ ಪ್ರಾಣಿಗಳ ಡಾಕ್ಟರ್. ಅವನ ಹತ್ತಿರ ಒಂದು ವಾಲ್ರಸ್, ಉದ್ದ ಕೋರೆಹಲ್ಲಿನ ಕಡಲ ಪ್ರಾಣಿ. ಹೋಟೆಲಿನಲ್ಲಿ ಲೂಸಿ ಸಿಗುತ್ತಾಳೆ. ತಟ್ಟೆಯಲ್ಲಿ ವಾಫಲ್ ಜೋಡಿಸಿ ಪುಟ್ಟ ಮನೆ ಕಟ್ಟುತ್ತಿರುತ್ತಾಳೆ. ಇವನು ಹಲ್ಲುಕಡ್ಡಿ ಚುಚ್ಚಿ ಅದಕ್ಕೊಂದು ಬಾಗಿಲು ಮಾಡಿಕೊಡುತ್ತಾನೆ. ಪ್ರೀತಿ ಶುರು. ಮಾರನೇ ದಿನ ಹೋದರೆ ಅವಳಿಗೆ ಇವನ ಗುರುತೇ ಇಲ್ಲ! ಹಿಂದಿನ ವರ್ಷ ಅಪ್ಪನ ಹುಟ್ಟುಹಬ್ಬದ ದಿನ ಅನಾನಸ್ ಕೀಳಲು ಹೊರಟಾಗ ಹಸು ಅಡ್ಡ ಬಂದು ಕಾರು ಮರಕ್ಕೆ ಹೊಡೆದಿದೆ. ಅಂದಿನಿಂದ ರಾತ್ರಿ ಮಲಗಿದರೆ ಆ ದಿನ ಅಳಿಸಿಹೋಗುತ್ತದೆ. ಅವಳಿಗೆ ಪ್ರತಿದಿನವೂ ಅಕ್ಟೋಬರ್ 13. ಮನೆಯವರೂ ದಿನಾ ಅದೇ ದಿನದ ಪೇಪರ್ ಹಾಕಿ, ಅದೇ ಹುಟ್ಟುಹಬ್ಬ ಮಾಡಿ, ಅವಳಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳುತ್ತಾರೆ.

"ಹಸು ಅಡ್ಡ ಬಂದಿದ್ದಕ್ಕೆಲ್ಲಾ ನೆನಪು ಹೋಗೋದಾದ್ರೆ, ಮೈಸೂರಲ್ಲಿ ಒಬ್ಬನಿಗೂ ಹೆಂಡತಿ ಹೆಸರು ನೆನಪಿರಬಾರದಿತ್ತು" ಅಂದ ಕೊಕ್ಕೆ. ಪರದೆಯ ಮೇಲೆ ಸಿನಿಮಾದ ಕೊನೆಯ ಹೆಸರುಗಳು ಇನ್ನೂ ಉರುಳುತ್ತಿದ್ದವು. "ಸರಿ, ಒಂದೇ ದಿನದ ಪೇಪರ್ ದಿನಾ ಬಾಗಿಲಿಗೆ ಹಾಕೋಕೆ ಎಲ್ಲಿಂದ ತಂದ್ರು? ನಮ್ಮ ಪೇಪರ್ ಹುಡುಗ ಇವತ್ತಿನದನ್ನೇ ಹಾಕಲ್ಲ. ಕಾರು ಹಳೇದಾಗಲ್ವಾ?"

"ಅದನ್ನ ಸಿನಿಮಾನೇ ಹೇಳುತ್ತಲ್ಲೋ" ಅಂದರು ಅತ್ತಿಗೆ. "ಪೊಲೀಸು ಗಾಡಿ ನೋಡಿ ಅವಧಿ ಮುಗಿದಿದೆ ಅಂತಾನೆ, ಆಗಲೇ ಅವಳಿಗೆ ಗುಟ್ಟು ಗೊತ್ತಾಗೋದು. ಮನೆಯವರು, ಹೋಟೆಲಿನವರು ಎಲ್ಲಾ ಸೇರಿ ವರ್ಷವಿಡೀ ಮುಚ್ಚಿಟ್ಟಿದ್ದನ್ನ ಒಂದು ದಂಡದ ಚೀಟಿ ಬಿಚ್ಚಿಟ್ಟುಬಿಡ್ತು."

ಡಾಕ್ಟ್ರು ಗಂಟಲು ಸರಿಮಾಡಿಕೊಂಡ. ಅತ್ತಿಗೆ ಸದ್ದಿಲ್ಲದೆ ಅವನ ಕೈಹತ್ತಿರ ಇದ್ದ ಕಾಫಿ ಲೋಟವನ್ನು ಟೀಪಾಯಿಯ ಆ ತುದಿಗೆ ಸರಿಸಿದರು. ಮರುಕ್ಷಣವೇ ಅವನ ಕೈ ಅದೇ ಜಾಗದಲ್ಲಿ ಬೀಸಿಹೋಯಿತು.

"ಗೋಲ್ಡ್‌ಫೀಲ್ಡ್ ಸಿಂಡ್ರೋಮ್ ಅಂತಾರಲ್ಲ, ಅಂಥ ಕಾಯಿಲೆನೇ ಇಲ್ಲ! ಸಿನಿಮಾದವರು ಹೆರಿಗೆ ಮಾಡಿಸಿದ್ದು. ನಿಜವಾದ ಕೇಸ್ ಕೇಳಿ. ಅಲ್ಲೂ ಹೆನ್ರಿನೇ. ಹೆನ್ರಿ ಮೊಲೈಸನ್, ಅಮೆರಿಕದವನು. ಫಿಟ್ಸ್ ನಿಲ್ಲಲಿ ಅಂತ 1953ರಲ್ಲಿ ಮೆದುಳಿನ ಎರಡೂ ಬದಿಯ ಹಿಪ್ಪೊಕ್ಯಾಂಪಸ್ ಭಾಗ ತೆಗೆದರು. ಫಿಟ್ಸ್ ಕಡಿಮೆ ಆಯ್ತು, ಹೊಸ ನೆನಪು ಕೂರೋದು ನಿಂತೇಹೋಯ್ತು. 2008ರಲ್ಲಿ ಸಾಯೋವರೆಗೂ ಹಾಗೇ. ಅವನ ಮರೆವಿಗೆ ರಾತ್ರಿ ಆಗಬೇಕಿರಲಿಲ್ಲ. ಮಾತಾಡ್ತಾ ಮಾತಾಡ್ತಾ ಗಮನ ಆ ಕಡೆ ಹೋದರೆ ಮುಗೀತು."

"ಹಾಗಾದ್ರೆ ಸಿನಿಮಾದ ಆಸ್ಪತ್ರೆಲಿ ಒಬ್ಬ ಹತ್ತು ಸೆಕೆಂಡಿಗೊಮ್ಮೆ 'ಹಾಯ್, ನಾನು ಟಾಮ್' ಅಂತಾನಲ್ಲ, ಅವನೇ ವಾಸಿ" ಅಂದೆ ನಾನು.

"ಹೂಂ. ನಾವೆಲ್ಲಾ ಜೋಕು ಅಂತ ನಕ್ಕಿದ್ದೇ ನಿಜಕ್ಕೆ ಹತ್ತಿರ. ಇನ್ನೂ ಒಂದಿದೆ. 2010ರಲ್ಲಿ ಒಂದು ಕೇಸ್ ಬರೆದರು. ಕಾರು ಅಪಘಾತ ಆದ ಒಬ್ಬ ಹೆಂಗಸಿಗೆ ಲೂಸಿ ಥರಾನೇ ರಾತ್ರಿ ಕಳೆದರೆ ಎಲ್ಲಾ ಮರೆವು. ಪರೀಕ್ಷೆ ಮಾಡಿದವರು ನಿನ್ನೆದನ್ನ ಇವತ್ತಿನದರ ಜೊತೆ ಗುಟ್ಟಾಗಿ ಬೆರೆಸಿ ಕೇಳಿದರೆ ಆಯಮ್ಮ ಗುರುತು ಹಿಡೀತಾಳೆ! ಬೇಕಂತ ನಾಟಕ ಮಾಡ್ತಿದ್ದಳು ಅಂತಲ್ಲ. ಈ ಸಿನಿಮಾದಲ್ಲಿ ತೋರಿಸಿದ್ದೇ ತಲೇಲಿ ಕೂತು ಕಾಯಿಲೆಗೆ ಆ ರೂಪ ಕೊಟ್ಟಿರಬಹುದು ಅಂದುಕೊಂಡರು."

"ಅಂದ್ರೆ ಕಾಯಿಲೆ ನೋಡಿ ಸಿನಿಮಾ ಮಾಡಲಿಲ್ಲ, ಸಿನಿಮಾ ನೋಡಿ ಕಾಯಿಲೆ ಬಂತು" ಎಂದ ಕೊಕ್ಕೆ. ಚುರುಮುರಿಯ ತಳದಲ್ಲಿದ್ದ ಕಡಲೆಕಾಯಿಬೀಜವನ್ನೆಲ್ಲಾ ಅವನೇ ಆರಿಸುತ್ತಿದ್ದ.

ಡಾಕ್ಟ್ರು ಬಿಡಲಿಲ್ಲ. "ಆದ್ರೂ ಒಂದು ಕಡೆ ಸಿನಿಮಾ ಕಣ್ಮುಚ್ಚಿ ಹೊಡೆದ ಕಲ್ಲು ಗುರಿಗೇ ಬಿದ್ದಿದೆ. ಕೊನೆಗೆ ಲೂಸಿಗೆ ಹೆನ್ರಿ ಯಾರು ಅಂತ ಗೊತ್ತಿಲ್ಲ, ಆದ್ರೆ ಅವನ ಮುಖ ಬರೆದಿರ್ತಾಳೆ. ಆ ಮೊಲೈಸನ್‌ಗೂ ಕನ್ನಡಿ ನೋಡ್ಕೊಂಡು ನಕ್ಷತ್ರ ತಿದ್ದೋ ಕೆಲಸ ಕೊಟ್ಟಿದ್ದರು. ದಿನದಿಂದ ದಿನಕ್ಕೆ ಕೈ ಕುದುರಿತು. ಅವನನ್ನ ಕೇಳಿದ್ರೆ, ಇದನ್ನ ಯಾವತ್ತೂ ಮಾಡೇ ಇಲ್ಲ ಅನ್ನೋನು. ತಲೆ ಮರೆತದ್ದು ಕೈಗೆ ಗೊತ್ತಿತ್ತು."

ಅತ್ತಿಗೆ ತಟ್ಟೆ ಎತ್ತುತ್ತಿದ್ದವರು ಅಲ್ಲೇ ನಿಂತರು. "ನಮ್ಮತ್ತೆಗೆ ಕೊನೆಕೊನೆಗೆ ನನ್ನ ಹೆಸರೇ ಹೋಗಿತ್ತು. ಕೆಲಸದವಳು ಅಂದುಕೊಂಡಿದ್ದರು. ಆದ್ರೆ ರಂಗೋಲಿ ಡಬ್ಬ ಕೈಗೆ ಕೊಟ್ಟರೆ ಹದಿನೈದು ಚುಕ್ಕಿ, ಒಂದು ಎಳೆ ತಪ್ಪುತ್ತಿರಲಿಲ್ಲ. ಹಾಕಿ ಒಳಗೆ ಬಂದು ಕಾಫಿ ಕುಡಿದು ಮತ್ತೆ ಬಾಗಿಲಿಗೆ ಹೋಗೋರು. ನೋಡಿ, 'ಯಾರಮ್ಮಾ ಹಾಕಿದ್ದು, ಚೆನ್ನಾಗಿದೆ' ಅನ್ನೋರು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕಡಲೆಕಾಯಿಬೀಜದ ಶಬ್ದ ಕೂಡ ನಿಂತಿತ್ತು.

"ಅದೆಲ್ಲಾ ಸರಿ, ವಾಲ್ರಸ್ ವಾಂತಿ ಮಾಡೋದು ಯಾಕೆ ಬೇಕಿತ್ತು?" ಅಂದ ಕೊಕ್ಕೆ.

ಅದಕ್ಕೆ ಮಾತ್ರ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಅತ್ತಿಗೆಯ ಸಿಟ್ಟು ಬೇರೆ. "ಎಲ್ಲರೂ ಕೊನೆ ಸೀನ್ ನೋಡಿ ಅಳು ಬಂತು ಅಂತೀರಲ್ಲ, ನನಗೆ ಮೈ ಉರಿಯುತ್ತೆ. ಆ ಹುಡುಗಿ ಬೆಳಿಗ್ಗೆ ಏಳ್ತಾಳೆ. ಅವಳ ಪ್ರಕಾರ ನಿನ್ನೆ ಮನೇಲಿ ಮಲಗಿದ್ದು. ಎದ್ದು ನೋಡಿದ್ರೆ ದೋಣಿ, ಸುತ್ತ ಸಮುದ್ರ, ಹೊರಗೆ ಅಲಾಸ್ಕದ ಮಂಜು! ವಿಡಿಯೋ ಹಾಕಿದ್ರೆ, 'ಗುಡ್ ಮಾರ್ನಿಂಗ್ ಲೂಸಿ, ನಿನಗೆ ಮದುವೆ ಆಗಿದೆ.' ಮೇಲೆ ಹೋದ್ರೆ ಗಂಡ, ಮಗಳು. ಮಗಳಿದ್ದಾಳೆ ಅಂದ್ರೆ ಒಂಬತ್ತು ತಿಂಗಳು ಬಸುರಿ ಆಗಿದ್ದಳು ಅಲ್ವಾ? ದಿನಾ ಬೆಳಿಗ್ಗೆ ಎದ್ದು ಹೊಟ್ಟೆ ನೋಡಿಕೊಂಡು ಕಿರುಚಿರ್ತಾಳೆ. ಹೆರಿಗೆ ನೋವಿನ ನಡುವೆ ಒಂದು ಜೊಂಪು ಹತ್ತಿದ್ರೆ? ಅದನ್ನೊಂದು ತೋರಿಸಿ ನೋಡೋಣ."

"ಆದ್ರೆ ಅವಳೇ ಬರೆದಿಟ್ಟುಕೊಂಡಿದ್ದನ್ನ ಸುಟ್ಟು, ಹೆನ್ರಿನ ಬಿಟ್ಟು ಹೋಗ್ತಾಳಲ್ಲ" ಅಂದೆ.

"ಹೋಗ್ತಾಳೆ. ಇಡೀ ಸಿನಿಮಾದಲ್ಲಿ ಅವಳಾಗಿ ತಗೊಂಡ ದೊಡ್ಡ ತೀರ್ಮಾನ ಅದೊಂದು. ಇವನು ಹುಡುಕಿಕೊಂಡು ಬಂದುಬಿಟ್ಟ."

ನನಗೆ ಇಷ್ಟ ಆಗಿದ್ದು ಹೆನ್ರಿ ಅಲ್ಲ, ಲೂಸಿಯ ಅಪ್ಪ. ಹೆನ್ರಿಗೇನು, ದಿನಾ ಹೊಸ ಹುಡುಗಿ, ಹೊಸ ಉಪಾಯ, ಕೆಟ್ಟರೆ ನಾಳೆ ಇದ್ದೇ ಇದೆ. ತಪ್ಪು ಮಾಡಿದವನಿಗೆ ಇಂಥ ಅನುಕೂಲ ಯಾವ ದೇವರೂ ಕೊಡಲ್ಲ. ಆದರೆ ಲೂಸಿ ದಿನಾ ಗೋಡೆ ತುಂಬಾ ಚಿತ್ರ ಬರೆದು ಮಲಗುತ್ತಾಳಲ್ಲ, ಅವಳು ಮಲಗಿದ ಮೇಲೆ ಅಪ್ಪ, ತಮ್ಮ ಇಬ್ಬರೂ ಬಿಳಿ ಬಣ್ಣದ ಡಬ್ಬ ತಂದು ರೋಲರ್ ಎಳೆಯುತ್ತಾರೆ. ಮಗಳು ಬರೆದ ಚಂದದ ಚಿತ್ರದ ಮೇಲೆ. ಅದೇ ಉಡುಗೊರೆಗೆ ಮತ್ತೆ ಕಾಗದ ಸುತ್ತುತ್ತಾರೆ. ಕೊನೆಯ ತಿರುವಿಗೇ ಹೆಸರಾದ 'ದಿ ಸಿಕ್ಸ್ತ್ ಸೆನ್ಸ್' ಸಿನಿಮಾವನ್ನು ಪ್ರತಿ ರಾತ್ರಿ ನೋಡಿ, ಪ್ರತಿ ರಾತ್ರಿ ಬೆಚ್ಚಿಬೀಳುತ್ತಾರೆ. ನಾನು ಇದನ್ನೆಲ್ಲಾ ಹೇಳುವಾಗ ಅತ್ತಿಗೆ ಯಾಕೋ ನಕ್ಕರು.

"ಇದಕ್ಕಿಂತ ನಮ್ಮ 'ಕ್ವಾಟ್ಲೆ ಸತೀಶ' ವಾಸಿ" ಅಂದ ಕೊಕ್ಕೆ. 2014ರದ್ದು, ನೀನಾಸಂ ಸತೀಶ್ ಮಾಡಿದ್ದು. ಮೂಲ ತಮಿಳಿನದು. ಮದುವೆಗೆ ಎರಡು ದಿನ ಇರುವಾಗ ಹುಡುಗ ಕ್ರಿಕೆಟ್ ಆಡಲು ಹೋಗಿ, ಕ್ಯಾಚ್ ಹಿಡಿಯುವಾಗ ಬಿದ್ದು, ಮದುವೆ ಆಗುವ ಹುಡುಗಿಯನ್ನೇ ಮರೆಯುತ್ತಾನೆ. "ಅಲ್ಲಿ ಹೀರೋ ಮರೀತಾನೆ, ಒದ್ದಾಡೋರು ಸ್ನೇಹಿತರು. ಅದು ನ್ಯಾಯ. ಹವಾಯಿ ಬೇಡ, ವಾಲ್ರಸ್ ಬೇಡ."

"ತಮಾಷೆ ಅಂದ್ರೆ ಅದೇ ನಿಜ ಕಥೆ" ಅಂದ ಡಾಕ್ಟ್ರು. "ತಮಿಳು ಸಿನಿಮಾದ ಕ್ಯಾಮೆರಾಮನ್ ಪ್ರೇಮ್‌ಕುಮಾರ್‌ಗೇ ಹಾಗಾಗಿತ್ತು. ತಾನು ಮರೆತಿದ್ದನ್ನ ತಾನೇ ಶೂಟ್ ಮಾಡಿದ."

"ಗಂಡಸರು ಹುಡುಗೀನ ಮರೆಯೋದೇನು ಹೊಸದಾ?" ಅಂದರು ಅತ್ತಿಗೆ. "ದುಷ್ಯಂತ ಇಲ್ವಾ?"

"ಅವನಿಗೆ ದೂರ್ವಾಸರ ಶಾಪ" ಅಂದ ಡಾಕ್ಟ್ರು.

"ಅದು ಕಾಳಿದಾಸ ಹೇಳಿದ್ದು. ಮಹಾಭಾರತ ತೆಗೆದು ನೋಡು. ಶಾಪನೂ ಇಲ್ಲ, ಉಂಗುರನೂ ಇಲ್ಲ, ಮೀನೂ ಇಲ್ಲ. ಅವನಿಗೆ ಎಲ್ಲಾ ನೆನಪಿತ್ತು. ಸಭೇಲಿ ಸುಮ್ನೆ ಗೊತ್ತಿಲ್ಲ ಅಂದ. ಪಾಪ, ಮರ್ಯಾದೆ ಉಳಿಸೋಕೆ ಕಾಳಿದಾಸ ಮೆಡಿಕಲ್ ಸರ್ಟಿಫಿಕೇಟ್ ಬರೆದುಕೊಟ್ಟ."

ಡಾಕ್ಟ್ರು ತನ್ನ ಅಂಗಡಿಗೇ ಬೈದಂತೆ ಮುಖ ಮಾಡಿದ. ಕೊಕ್ಕೆ ಮೇಲೆದ್ದು ಚಪ್ಪಲಿ ಹುಡುಕುತ್ತಾ, "ಏನೇ ಹೇಳಿ, ಒಂದು ಸಲ ನೋಡಬಹುದಾದ ಸಿನಿಮಾ" ಎಂದು ತೀರ್ಪು ಕೊಟ್ಟ.

"ಹೋದ ದೀಪಾವಳಿಗೂ ಇದನ್ನೇ ಅಂದೆ" ಅಂದರು ಅತ್ತಿಗೆ.

"ಯಾವುದಕ್ಕೆ?"

"ಇದಕ್ಕೇ. ಇದೇ ಸೋಫಾ, ಇದೇ ಸಿನಿಮಾ. ನೀನು ಹಸು ಅಂದೆ, ಪೇಪರ್ ಹುಡುಗ ಅಂದೆ. ಡಾಕ್ಟ್ರು ಮೆದುಳು ತೆಗೆಯುವಾಗ ಕಾಫಿ ಚೆಲ್ಲಿದ, ಕುಶನ್ ಕವರ್ ಮೇಲೆ ಕಲೆ ಇನ್ನೂ ಇದೆ ನೋಡು. ಇವನು ಬಿಳಿ ಬಣ್ಣದ ಡಬ್ಬಕ್ಕೆ ಅತ್ತ."

ನಾವು ಮೂವರೂ ಕುಶನ್ ತಿರುಗಿಸಿ ನೋಡಿದೆವು. ಕಲೆ ಇತ್ತು.

"ಮತ್ತೆ ಸಿನಿಮಾ ಹಾಕುವಾಗಲೇ ಹೇಳೋದಲ್ವಾ ಅತ್ತಿಗೆ?" ಅಂದೆ.

"ನೀವು ಹಾಕ್ತೀವಿ ಅಂತ ಅಷ್ಟು ಖುಷಿಯಾಗಿದ್ರಿ" ಅಂದರು.

ಕೊಕ್ಕೆ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹಾಗೇ ನಿಂತಿದ್ದ. "ಅವತ್ತು ಜಗಳದಲ್ಲಿ ಗೆದ್ದಿದ್ದು ಯಾರು?"