ಮ್ಯಾಕ್‌ನಲ್ಲಿ ಇನ್‌ಡಿಸೈನೇ ಮಾಯ!

ಪ್ರಶ್ನೆ: ಬೆಳಗಾವಿ ಖಡೇಬಜಾರ್‌ನಲ್ಲಿ ಇನ್‌ಡಿಸೈನ್ ಎಂಬ ಪುಟವಿನ್ಯಾಸದ ಆಪ್ ಬಳಸಿ ಲಗ್ನಪತ್ರಿಕೆ ಡಿಸೈನ್ ಮಾಡುತ್ತೇನೆ. ಇಷ್ಟು ವರ್ಷ ವಿಂಡೋಸ್, ಈಗ ಮ್ಯಾಕ್. ಕಂಟ್ರೋಲ್ ಬದಲು ಕಮಾಂಡ್, ಆಲ್ಟ್ ಬದಲು ಆಪ್ಶನ್, ಅಷ್ಟೇ ಅಂದರು. ಮತ್ತೆ ಫ್ರೇಮ್ ಗೆರೆ (ಅಕ್ಷರ, ಚಿತ್ರಗಳ ಚೌಕದ ಅಂಚು) ಮರೆಮಾಡಲು ಕಮಾಂಡ್ ಎಚ್ ಒತ್ತಿದರೆ ಇಡೀ ಇನ್‌ಡಿಸೈನ್ ಯಾಕೆ ಮಾಯವಾಗುತ್ತದೆ? ಪಕ್ಕದಲ್ಲಿ ಕೂತ ಗಿರಾಕಿ ‘ಪತ್ರಿಕೆ ಹೋಯ್ತಾ?’ ಅಂತ ಗಾಬರಿ.

ಉತ್ತರ: ಎಲ್ಲೂ ಹೋಗಿಲ್ಲ ಸರ್. ಕಮಾಂಡ್ ಎಚ್ ಮ್ಯಾಕ್‌ನದೇ ಕೀ, ಬಳಸುತ್ತಿರುವ ಆಪ್ ಅನ್ನು ಮರೆಮಾಡುತ್ತದೆ. ಡಾಕ್‌ನಲ್ಲಿ (ಪರದೆಯ ಅಂಚಿನ ಆಪ್ ಐಕಾನ್‌ಗಳ ಸಾಲು) ಅದರ ಐಕಾನ್ ಒತ್ತಿದರೆ ವಾಪಸ್. ಫ್ರೇಮ್ ಗೆರೆಗೆ ಕಂಟ್ರೋಲ್, ಕಮಾಂಡ್, ಎಚ್ ಮೂರೂ ಒಟ್ಟಿಗೆ ಒತ್ತಿ.

ಇನ್ನೊಂದು ಉತ್ತರ: ಸುಮ್ನೆ ಗಿರಾಕಿಗೆ ತೋರಿಸಲು ಗೆರೆಗಳಿಲ್ಲದ ಪ್ರಿವ್ಯೂ ಕೊಡುವ ಡಬ್ಲ್ಯೂ ಕೀ ಸಾಕಲ್ವಾ? ವಿಂಡೋಸ್, ಮ್ಯಾಕ್ ಎರಡೂ ಕಡೆ ಅದೇ. ಆದರೆ ಕರ್ಸರ್ ಅಕ್ಷರದ ನಡುವೆ ಇದ್ದರೆ ವಧುವಿನ ಹೆಸರಿಗೇ ಡಬ್ಲ್ಯೂ ಸೇರುತ್ತದೆ, ಜೋಕೆ!

ಪ್ರಶ್ನೆ ಕೇಳಿದವರು: ಮೂರು ಕೀ ಕೆಲಸ ಮಾಡಿತು. ಬೆರಳಿಗೇ ಸ್ವಲ್ಪ ಕಸರತ್ತು.