ಬಾನೆಟ್ ತುಂಬ ಬಿಳಿ ಚುಕ್ಕೆ, ಪಾಲಿಶ್ ಹೊಡೆದ್ರೂ ವಾಪಸ್ ಬರ್ತಾವೆ. ಗೊತ್ತಿದ್ದೋರು ಹೇಳ್ರಿ

ಬೆಣ್ಣೆನಗರಿ_ಡ್ರೈವರ್
ತಲೆ ಕೆಟ್ಟೋಗೈತಿ. ಬಾನೆಟ್ ತುಂಬ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ. ಶಾಂಪೂ ಆತು, ಅಂಟಿದ ಕೊಳೆ ಎತ್ತೋ ಕ್ಲೇ ಬಾರ್ ಆತು, ಮಿಷಿನ್‌ನಾಗ ಕಾಂಪೌಂಡ್ (ಉಜ್ಜೋ ಪಾಲಿಶ್) ಹೊಡ್ಸಿದ್ದೂ ಆತು. ಹೊಡ್ಸಿದ ದಿನ ಫಳಫಳ. ಒಂದು ಮಳೆ ಬಿದ್ರೆ ಮತ್ತೆ ಅದೇ ಕಥೆ. ಅಂಗಡಿಯವ ಸೆರಾಮಿಕ್ ಕೋಟಿಂಗ್ ಹಾಕ್ಸಿ, ಎಲ್ಲಾ ಮುಚ್ಚಿ ಹೋಗ್ತೈತಿ ಅಂತಾನೆ. ಹಾಕ್ಸಲಾ? ಮನ್ಯಾಗ ಮದುವಿ ಐತಿ, ಬೇಗ ಹೇಳ್ರಿ.

ಬೋರ್‌ವೆಲ್_ಬಾಧಿತ
ಫೋಟೋ ಇಲ್ಲ, ಬಣ್ಣ ಯಾವ್ದು ಹೇಳಿಲ್ಲ. ಆದ್ರೂ ಕಣ್ಮುಚ್ಚಿ ಹೇಳ್ತೀನಿ, ಇದು ಬೋರ್ ನೀರು. ನಮ್ ಕಡೆ ನೀರಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ತೊಳೆದು ಬಿಸಿಲಿಗೆ ಬಿಟ್ರೆ ನೀರು ಆರ್ತೈತಿ, ಉಪ್ಪು ಕೂರ್ತೈತಿ. ಬಿಳಿ ವಿನಿಗರ್ ಅರ್ಧ, ನೀರು ಅರ್ಧ. ನೆರಳಾಗ ನಿಲ್ಸಿ, ಮೈಕ್ರೋಫೈಬರ್ ಬಟ್ಟಿ ಅದ್ದಿ ಒಂದು ನಿಮಿಷ ಇಟ್ಟು, ಚೆನ್ನಾಗಿ ತೊಳೀರಿ. ಹೋಗ್ಲಿಲ್ಲ ಅಂದ್ರೆ ಕೇಳ್ರಿ.

ಬೆಣ್ಣೆನಗರಿ_ಡ್ರೈವರ್
ಮರೂನ್ ಕಾರು. ತೊಳೆಯೋದು ಕಾರ್ಪೊರೇಷನ್ ನೀರಾಗ, ಬೋರ್ ಅಲ್ಲ. ವಿನಿಗರ್ ಹಚ್ಚಿದೆ. ಈಗ ಕಾರು ಉಪ್ಪಿನಕಾಯಿ ವಾಸ್ನೆ ಹೊಡೀತೈತಿ, ಚುಕ್ಕೆ ಇದ್ದಲ್ಲೇ ಅದಾವೆ.

ಬೋರ್‌ವೆಲ್_ಬಾಧಿತ
ಹಂಗಾರೆ ಉಪ್ಪು ಕ್ಲಿಯರ್ ಕೋಟನ್ನೇ, ಅಂದ್ರೆ ಬಣ್ಣದ ಮೇಲಿನ ಗಾಜಿನಂಥ ಪದರಾನೇ, ತಿಂದು ಗುಂಡಿ ಮಾಡೈತಿ. ಇನ್ನೊಂದ್ಸಲ ಹಚ್ರಿ, ನೀರು ಕಮ್ಮಿ ಮಾಡಿ.

ಮಂಡಕ್ಕಿಭಟ್ಟಿ_ಪಕ್ಕದಮನೆ
ಕಾರು ನಿಲ್ಸೋದೆಲ್ಲಿ? ಭಟ್ಟಿ, ರೈಸ್ ಮಿಲ್ ಕಡೆ ಆದ್ರೆ ನೀರಿನ ಮಾತು ಬಿಡ್ರಿ. ನಮ್ ಓಣ್ಯಾಗ ಬೆಳಿಗ್ಗೆ ಎದ್ರೆ ಕಾರಿನ ಮೇಲೆ ಬೂದಿ. ಭತ್ತದ ಹೊಟ್ಟಿನ ಬೂದಿಯಾಗ ಬಹುಪಾಲು ಸಿಲಿಕಾ. ಒಣ ಬಟ್ಟ್ಯಾಗ ಒರೆಸಿದ್ರೆ ಗೀರು ಗ್ಯಾರಂಟಿ.

ಬೋರ್‌ವೆಲ್_ಬಾಧಿತ
ಅವ್ರು ಚುಕ್ಕೆ ಅಂತಾರೆ, ನೀವು ಗೀರು ಅಂತೀರಿ.

ಹರಿಹರ_ಹ್ಯಾಚ್‌ಬ್ಯಾಕ್
ನಾನಂತೂ ಕೊನೇ ನೀರು ಆರ್‌ಒ ನೀರೇ ಹಾಕೋದು. ಪ್ರೆಶರ್ ವಾಷರ್, ಫೋಮ್ ಕ್ಯಾನನ್, ಎರಡು ಬಕೆಟ್, ಒರೆಸೋಕೆ ದಪ್ಪ ಟವೆಲ್. ಪೇಂಟ್ ದಪ್ಪ ಅಳೆಯೋ ಗೇಜೂ ಇಟ್ಟೀನಿ. ನಾಕು ವರ್ಷದ ಕಾರು, ಶೋರೂಮಿಂದ ಇವತ್ತು ಬಂತಾ ಅಂತ ಕೇಳ್ತಾರೆ.

ದುರ್ಗದ_ಗಾಳಿ
ಕಾರು ತೊಳೆಯಾಕೆ ಆರ್‌ಒ ನೀರಾ ಸ್ವಾಮಿ? ಮನೆ ಮಿಷಿನ್ನು ಒಂದು ಕೊಡ ಕೊಡೋ ಹೊತ್ತಿಗೆ ಅದಕ್ಕಿಂತ ಜಾಸ್ತಿ ನೀರು ಚರಂಡಿಗೆ ಬಿಡುತ್ತೆ. ಇಲ್ಲಿ ದುರ್ಗದಲ್ಲಿ ನಲ್ಲಿ ಬಂದ ದಿನ ಹಬ್ಬ ಮಾಡೋರು ನಾವು.

ಹರಿಹರ_ಹ್ಯಾಚ್‌ಬ್ಯಾಕ್
ಆ ನೀರು ಗಿಡಕ್ಕೆ ಹಾಕ್ತೀನಿ. ನಿಮ್ಗೇನು?

ಸ್ಪ್ರೇಗನ್_ಶಿಷ್ಯ
ಜಗಳ ಆಮೇಲೆ ಆಡ್ರಿ. ಅಣ್ಣಾರೆ, ಮೂರು ಮಾತಿಗೆ ಉತ್ರ ಕೊಡ್ರಿ. ರೂಫ್ ಮೇಲೆ, ಡಿಕ್ಕಿ ಮೇಲೆ ಚುಕ್ಕೆ ಅದಾವಾ? ಉಗುರು ಆಡಿಸಿದ್ರೆ ಗುಂಡಿ ಸಿಗ್ತೈತೋ, ಉಬ್ಬು ಸಿಗ್ತೈತೋ? ಚುಕ್ಕೆ ಮೇಲೆ ನೀರು ಬಿಟ್ರೆ ಕಾಣದಂಗ ಆಗ್ತೈತಾ? ಮೇಲ್ಗಡೆ ಗೀರು, ಗುಂಡಿ ಆದ್ರೆ ನೀರು ತುಂಬಿದ ಕೂಡ್ಲೆ ಮಾಯ ಆಗ್ತೈತಿ. ಒಳಗಿನದ್ದಾದ್ರೆ ಒದ್ದೆ ಇದ್ರೂ ಕಾಣ್ತೈತಿ.

ಬೆಣ್ಣೆನಗರಿ_ಡ್ರೈವರ್
ರೂಫ್, ಡಿಕ್ಕಿ ಕ್ಲೀನ್. ಬಾನೆಟ್ಟು ಮತ್ತೆ ಎಡಗಡೆ ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಅಷ್ಟೇ. ಉಗುರಿಗೆ ಸಣ್ಣ ಉಬ್ಬು ಸಿಗ್ತೈತಿ. ನೀರು ಬಿಟ್ರೂ ಕಾಣ್ತೈತಿ.

ಸ್ಪ್ರೇಗನ್_ಶಿಷ್ಯ
ಮಳೆ, ನಲ್ಲಿ ನೀರು, ಬೂದಿ ಇವೆಲ್ಲ ರೂಫ್ ಬಿಟ್ಟು ಬಾನೆಟ್ ಮೇಲೆ ಮಾತ್ರ ಬೀಳಲ್ಲ. ಆ ಎರಡು ಪ್ಯಾನೆಲ್ ರೀಪೇಂಟ್ ಆಗ್ಯಾವೆ, ಹೌದೋ ಅಲ್ಲೋ?

ಬೆಣ್ಣೆನಗರಿ_ಡ್ರೈವರ್
ಹೌದು, ಹೋದ ಮಳೆಗಾಲದಾಗ ಎಮ್ಮೆ ಗುದ್ದಿತ್ತು. ಪರಿಚಯದ ಗ್ಯಾರೇಜಿನಾಗ ಮಾಡ್ಸಿದ್ದು. ಆದ್ರೆ ಡೆಲಿವರಿ ತಗೊಂಡಾಗ ಚೆನ್ನಾಗೇ ಇತ್ತು, ಅದಕ್ಕೂ ಇದಕ್ಕೂ ಏನ್ ಸಂಬಂಧ?

ದುರ್ಗದ_ಗಾಳಿ
ಎಮ್ಮೆ ವಿಷ್ಯ ಈಗ ಹೇಳ್ತೀರಲ್ಲ! ಹಂಗಾದ್ರೆ ಇದು ಸಾಲ್ವೆಂಟ್ ಪಾಪ್. ಕ್ಲಿಯರ್ ದಪ್ಪಗೆ ಹೊಡೆದು ಕೋಟ್ ಮಧ್ಯೆ ಆರಾಕೆ ಬಿಡದೆ ಒಣಗಿಸೋ ಬಿಸಿ ಲೈಟ್ ಹಾಕಿದ್ರೆ ಮೇಲೆ ಕೆನೆ ಕಟ್ಟುತ್ತೆ, ಒಳಗಿನ ಥಿನ್ನರ್ ತೂತು ಮಾಡ್ಕಂಡು ಹೊರಗೆ ಬರುತ್ತೆ.

ಸ್ಪ್ರೇಗನ್_ಶಿಷ್ಯ
ಪಾಪ್ ಆದ್ರೆ ಡೆಲಿವರಿ ದಿನಾನೇ ಸೂಜಿಮೊನೆ ತೂತು ಕಾಣ್ತಿತ್ತು, ಮಳೆಗೆ ಬಂದು ಬಿಸಿಗೆ ಹೋಗ್ತಿರಲಿಲ್ಲ. ಇದು ನೀರುಗುಳ್ಳೆ. ಪುಟ್ಟಿ, ಪ್ರೈಮರ್ ಮೇಲೆ ನೀರು ಹಾಕಿ ಉಜ್ಜೋ ವಾಟರ್ ಪೇಪರ್ ಆಡ್ಸಿ, ಸರಿಯಾಗಿ ತೊಳೀದೆ, ಆರಕ್ಕೆ ಬಿಡದೆ ಬಣ್ಣ ಹೊಡೆದ್ರೆ ನೀರಿನ ಉಪ್ಪು ಒಳಗೇ ಉಳೀತೈತಿ. ಕಂಪ್ರೆಸರ್‌ಗೆ ಗಾಳ್ಯಾಗಿನ ನೀರು ಹಿಡಿಯೋ ವಾಟರ್ ಟ್ರಾಪ್ ಇಲ್ದಿದ್ರೆ ಗಾಳಿ ಜೊತೆಗೂ ತೇವ ಹೋಗ್ತೈತಿ. ಪೇಂಟ್ ಪದರದೊಳಗೆ ಹಬೆ ನಿಧಾನಕ್ಕೆ ನುಸುಳ್ತೈತಿ, ಉಪ್ಪು ಅದನ್ನ ಎಳ್ಕೊಂತೈತಿ, ಗುಳ್ಳೆ ಏಳ್ತಾವೆ. ಪಾಲಿಶ್ ಮಿಷಿನ್ ಬಿಸಿಗೆ ತೇವ ಆರಿ ಕೂರ್ತಾವೆ. ಮಳೆ ಬಂದ್ರೆ ಮತ್ತೆ ಏಳ್ತಾವೆ. ಅನುಮಾನ ಇದ್ರೆ ಮೂಲ್ಯಾಗಿನ ಒಂದು ಗುಳ್ಳೆ ಸಣ್ಣ ಸೂಜ್ಯಾಗ ಚುಚ್ಚಿ, ಭೂತಗನ್ನಡಿ ಹಿಡ್ದು ನೋಡ್ರಿ.

ಬೋರ್‌ವೆಲ್_ಬಾಧಿತ
ನೀರಿನ ಉಪ್ಪು! ನಾನು ಮೊದಲ್ನೇ ದಿನಾನೇ ಹೇಳಿದ್ದೆ.

ಸ್ಪ್ರೇಗನ್_ಶಿಷ್ಯ
ನೀವು ಹೇಳಿದ್ದು ಪೇಂಟಿನ ಮೇಲೆ. ಇದು ಪೇಂಟಿನ ಕೆಳಗೆ. ವಿನಿಗರ್ ಅಲ್ಲಿಗೆ ಹೋಗಲ್ಲ.

ಹರಿಹರ_ಹ್ಯಾಚ್‌ಬ್ಯಾಕ್
ಗೇಜ್ ಇಟ್ಟು ನೋಡಿದ್ರೆ ಎರಡೇ ನಿಮಿಷ. ಫ್ಯಾಕ್ಟರಿ ಪೇಂಟು ಒಟ್ಟು ಸುಮಾರು 100ರಿಂದ 140 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್), ಅದ್ರಾಗ ಕ್ಲಿಯರ್ 40-50 ಇರ್ತೈತಿ. ಬಾನೆಟ್ಟಿನಾಗ 250 ದಾಟಿದ್ರೆ ಮೇಲೆ ಹೊಡೆದಾರೆ, ಪುಟ್ಟಿ ಇದ್ದಲ್ಲಿ ಇನ್ನೂ ಜಾಸ್ತಿ. ಭಾನುವಾರ ಬರ್ರಿ, ತೋರಿಸ್ತೀನಿ. ಬಂಪರ್ ಮೇಲೆ ಇಡಾಕೆ ಹೋಗಬ್ಯಾಡ್ರಿ, ಪ್ಲಾಸ್ಟಿಕ್ ಮೇಲೆ ಓದಲ್ಲ ಅದು.

ಬೆಣ್ಣೆನಗರಿ_ಡ್ರೈವರ್
ಚುಚ್ಚಿದೆ. ಹನಿ ನೀರು ಬಂತು, ಕೆಳಗೆ ಗ್ರೇ ಪ್ರೈಮರ್ ಕಾಣ್ತು. ಗ್ಯಾರೇಜಿನವಗೆ ಫೋನ್ ಹಚ್ಚಿದ್ರೆ ಬಿಲ್ ಐತಾ ಅಂತಾನೆ. ಪರಿಚಯದವ ಅಂತ ಬಿಲ್ ಯಾರು ಇಸ್ಕೊಂತಾರ್ರೀ? ಈಗ ಏನ್ ಮಾಡ್ಲಿ, ಪೇಂಟ್ ಬಿಟ್ಟು ಬ್ಯಾರೆ ದಾರಿ ಹೇಳ್ರಿ.

ಸ್ಪ್ರೇಗನ್_ಶಿಷ್ಯ
ಬ್ಯಾರೆ ದಾರಿ ಇಲ್ಲ. ಕಾಂಪೌಂಡ್ ಇನ್ನು ಮುಟ್ಟಬ್ಯಾಡ್ರಿ, ಸುಮ್ನೆ ಕ್ಲಿಯರ್ ಸವೀತೈತಿ. ಸೆರಾಮಿಕ್ ಅಂತೂ ದುಡ್ಡು ದಂಡ, ಅದು ಮೇಲಿನ ತೆಳು ಪದರ. ಗುಳ್ಳೆ ಯಾವ ಪದರದಾಗ ಐತೋ ಅದಕ್ಕಿಂತ ಕೆಳಗಿನ ತನಕ ಉಜ್ಜಬೇಕು, ತಗಡಿನ ಮೇಲೆ ತುಕ್ಕು ಕಂಡ್ರೆ ತಗಡಿನ ತನಕ. ತೇವ ತಡೆಯೋ ಎಪಾಕ್ಸಿ ಪ್ರೈಮರ್, ಆಮೇಲೆ ಬೇಸ್ ಅಂದ್ರೆ ಬಣ್ಣ, ಅದ್ರ ಮೇಲೆ ಕ್ಲಿಯರ್. ಧೂಳು ಬರದ ಪೇಂಟ್ ಬೂತ್ ಇರೋ ಕಡೆ ಹೋಗ್ರಿ, ಟ್ರಾಪ್ ತೋರ್ಸಪಾ ಅಂತ ಮೊದ್ಲೇ ಕೇಳ್ರಿ, ಬಿಲ್ ಇಸ್ಕೊಳ್ರಿ. ಮದುವಿಗೆ ಮುಂಚೆ ಅವಸರ ಮಾಡ್ಸಿದ್ರೆ ಮತ್ತೆ ಇದೇ ಆಗ್ತೈತಿ. ಬಾನೆಟ್ ಮೇಲೆ ಹೂವಿನ ಹಾರ ಹಾಕಿ ಓಡಾಡ್ರಿ.

ಮಂಡಕ್ಕಿಭಟ್ಟಿ_ಪಕ್ಕದಮನೆ
ಇದ್ರಾಗೇ ಕೇಳ್ತೀನಿ. ನಂದು ಹಳೇ ಕಾರು, ರೂಫ್ ಮೇಲೆ ಕ್ಲಿಯರ್ ಸಿಪ್ಪೆ ಸುಲೀತೈತಿ, ಕೆಳಗೆ ಬಣ್ಣ ಮಂಕಾಗೈತಿ. ಇದೂ ನೀರುಗುಳ್ಳೆನಾ?

ಬೋರ್‌ವೆಲ್_ಬಾಧಿತ
ತೊಳೆಯೋದು ಯಾವ ನೀರಾಗ?

ಸ್ಪ್ರೇಗನ್_ಶಿಷ್ಯ
ಬಿಸಿಲು ತಿಂದು ಕ್ಲಿಯರ್ ಬಿಟ್ಟೈತಿ, ನೀರಿನ ಮಾತೇ ಇಲ್ಲ. ಬ್ಯಾರೆ ಚರ್ಚೆ ತೆಗೀರಿ, ಫೋಟೋ ಹಾಕ್ರಿ. ಎಮ್ಮೆ ಗಿಮ್ಮೆ ಗುದ್ದಿದ್ರೆ ಮೊದ್ಲೇ ಬರೀರಿ.