ಪದಚರ್ಚೆ: ಕಾಗದವನ್ನು ‘ಗೀರಿ’ ಮಡಿಸಬಹುದೇ?

ಗೆಳೆಯರೇ,

ಒಂದು ಪದ ಬೇಕಾಗಿದೆ. ಕಾಗದದ ವಿಮಾನ ಅಂದ ಕೂಡಲೇ ಮಡಚಿ ತೂರುವ ಆಟಿಕೆ ನೆನಪಾಗುತ್ತದೆ, ಅಲ್ವಾ? ನಾನು ಹೇಳುತ್ತಿರುವುದು ಅದಲ್ಲ. ಅಚ್ಚು ಹಾಕಿದ ದಪ್ಪ ಹಾಳೆಯಿಂದ ನೂರಾರು ಚೂರು ಕತ್ತರಿಸಿ, ಅಂಟಿಸಿ, ನಿಜವಾದ ವಿಮಾನದ ಪುಟ್ಟ ರೂಪ ಕಟ್ಟುವ ಹವ್ಯಾಸ. ಇದರಲ್ಲಿ 1:33 ಅಳತೆ ಜಾಸ್ತಿ ಬಳಕೆಯದು. 10 ಮೀಟರ್ ಉದ್ದದ ವಿಮಾನ ಸುಮಾರು 30 ಸೆಂಟಿಮೀಟರ್‌ಗೆ ಇಳಿಯುತ್ತದೆ. ಅಮೆರಿಕದ ಯುವಕನೊಬ್ಬ 2008ರಲ್ಲಿ ಏರ್ ಇಂಡಿಯಾದ ಬೋಯಿಂಗ್ 777 ಅನ್ನು 1:60 ಅಳತೆಯಲ್ಲಿ ಕಟ್ಟಲು ಕೂತ. ಬಳಸಿದ್ದು ಮನಿಲಾ ಫೋಲ್ಡರ್, ಅಂದರೆ ಕಚೇರಿಯಲ್ಲಿ ಕಾಗದಪತ್ರ ಇಡುವ ದಪ್ಪ ಕಾಗದದ ಹೊದಿಕೆ. ಆ ವಿಮಾನದ ಬಾಗಿಲು ತೆರೆಯುತ್ತದೆ, ಚಕ್ರ ಒಳಗೆ ಮಡಚಿಕೊಳ್ಳುತ್ತದೆ!

ಹೊಸಬರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಸಿಕ್ಕಿಹಾಕಿಕೊಂಡಿರುವುದು ಒಂದೇ ಕಡೆ. ದಪ್ಪ ಕಾಗದವನ್ನು ಸುಮ್ನೆ ಮಡಿಸಿದರೆ ಅಂಚು ಒಡೆದು ಸೊಟ್ಟಗಾಗುತ್ತದೆ. ಅದಕ್ಕೇ ಮೊದಲು ಅಳತೆಪಟ್ಟಿ ಇಟ್ಟು, ಬ್ಲೇಡಿನ ಬೆನ್ನಿನಿಂದ ಮಡಿಸುವ ಜಾಗವನ್ನು ಹಗುರವಾಗಿ ಒತ್ತಿ ಎಳೆಯುತ್ತಾರೆ. ಇಂಗ್ಲಿಷಿನಲ್ಲಿ ಇದು ‘ಸ್ಕೋರ್’. ಹಾಗೇ ಬರೆದರೆ ನಮ್ಮವರು ಎಷ್ಟು ವಿಕೆಟ್ ಬಿತ್ತು ಅಂತ ಕೇಳುತ್ತಾರೆ.

ಮೊದಲು ‘ಕೊರೆಯಿರಿ’ ಅಂತ ಬರೆದಿದ್ದೆ. ಅಕ್ಕನ ಮಗ ಓದಿ ಹಾಗೇ ಮಾಡಿದ. ವಿಮಾನದ ಬಾಲ ಎರಡು ತುಂಡಾಗಿ ಕೈಗೆ ಬಂತು. ತಪ್ಪು ಅವನದಲ್ಲ. ಕೊರೆಯುವುದು ಅಂದರೆ ಆಳಕ್ಕೆ ಇಳಿಯುವುದೇ, ಕೊಳವೆಬಾವಿ ಕೊರೆದ ಹಾಗೆ. ‘ಗೆರೆ ಎಳೆಯಿರಿ’ ಅಂದರೆ ಪೆನ್ಸಿಲ್ ಹುಡುಕುತ್ತಾರೆ. ‘ಗೀಚಿ’ ಅಂದರೆ ಇನ್ನೂ ಕೆಟ್ಟದು.

ಈಗ ‘ಗೀರು’ ಹತ್ತಿರ ಬಂದು ನಿಂತಿದ್ದೇನೆ. ಬೆಂಕಿಕಡ್ಡಿ ಗೀರುತ್ತೇವೆ. ಮುಳ್ಳು ಗೀರುತ್ತದೆ. ಎರಡರಲ್ಲೂ ಕೆಲಸ ಮೇಲ್ಪದರಕ್ಕೇ ನಿಲ್ಲುತ್ತದೆ. ನನಗೆ ಬೇಕಾದದ್ದೂ ಅಷ್ಟೇ. ಆದರೆ ಗೆಳೆಯರೊಬ್ಬರು ತಕರಾರು ತೆಗೆದರು: ಗೀರು ಅಂದರೆ ಹಾಳಾದ ಗುರುತಲ್ವಾ, ಕನ್ನಡಕದ ಮೇಲೆ ಬೀಳುವುದು? ಯೋಚಿಸಿದೆ. ಅಲ್ಲಿ ಗೀರು ತಾನಾಗಿ ‘ಬೀಳುತ್ತದೆ’. ಇಲ್ಲಿ ನಾವು ಬೇಕಂತಲೇ ‘ಹಾಕುತ್ತೇವೆ’. ಕಡ್ಡಿಯನ್ನೂ ಬೇಕಂತಲೇ ಗೀರುತ್ತೇವಲ್ಲ. ಹಾಗಾಗಿ ‘ಗೀರಿ ಮಡಿಸಿ’ ಅಂದರೆ ಅಪಾರ್ಥಕ್ಕೆ ಜಾಗವಿಲ್ಲ ಅನಿಸುತ್ತದೆ. ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಪುಸ್ತಕಕ್ಕೆ ರಟ್ಟು ಕಟ್ಟುವವರು, ರಟ್ಟಿನ ಪೆಟ್ಟಿಗೆ ಮಾಡುವವರು ಇದೇ ಕೆಲಸ ದಿನವೂ ಮಾಡುತ್ತಾರೆ. ಅವರ ಬಾಯಲ್ಲಿರುವ ಮಾತು ಯಾರಿಗಾದರೂ ಗೊತ್ತಿದ್ದರೆ ನನ್ನದನ್ನು ಈಗಲೇ ಬಿಟ್ಟುಬಿಡುತ್ತೇನೆ.

ಮಡಿಕೆಯದ್ದೂ ಒಂದು ಪೇಚಿದೆ. ಗೀರಿದ ಗೆರೆ ನಮ್ಮ ಕಡೆ ಎದ್ದು ನಿಂತರೆ ‘ಉಬ್ಬು ಮಡಿಕೆ’, ಒಳಕ್ಕೆ ಇಳಿದರೆ ‘ತಗ್ಗು ಮಡಿಕೆ’ ಅಂತ ಬರೆದಿದ್ದೇನೆ. ಆದರೆ ಎಷ್ಟೋ ಜನಕ್ಕೆ ಮಡಿಕೆ ಅಂದರೆ ಮಣ್ಣಿನ ಪಾತ್ರೆ. ಉಬ್ಬು ಮಡಿಕೆ ಅಂದಾಗ ನನಗೇ ಕುಂಬಾರನ ತಿಗರಿ ಕಣ್ಣಮುಂದೆ ತಿರುಗುತ್ತದೆ. ‘ಮಡಚು’ ಅಂತಲೇ ಹೆಸರುಪದವಾಗಿ ಬಳಸಿದರೆ ಒರಟಾಗುತ್ತದೆಯೇ?

ಮೂತಿಗೆ ಮಾತ್ರ ಪದ ತಾನಾಗಿ ಸಿಕ್ಕಿತು. ಕಾಗದ ಒಂದು ದಿಕ್ಕಿಗೆ ಬಾಗುತ್ತದೆ, ಒಟ್ಟಿಗೆ ಎರಡು ದಿಕ್ಕಿಗೆ ಬಾಗುವುದಿಲ್ಲ. ಅದಕ್ಕೇ ಗುಂಡನೆ ಮೂತಿಯ ಚೂರನ್ನು ಸೀಳಿ, ಆ ಸೀಳುಗಳನ್ನು ಒಂದಕ್ಕೊಂದು ಕೂಡಿಸುತ್ತಾರೆ. ಅವು ‘ಎಸಳು’. ರೆಕ್ಕೆಯೊಳಗಿನ ಉದ್ದ ಆಧಾರಕ್ಕೆ ‘ತೊಲೆ’, ಅಡ್ಡ ಚೂರುಗಳಿಗೆ ‘ಜಂತೆ’ ಅಂತ ಮನೆಯ ಸೂರಿನಿಂದಲೇ ತಂದುಕೊಂಡಿದ್ದೇನೆ. ಇವಕ್ಕೆ ಯಾರದ್ದೂ ಆಕ್ಷೇಪ ಇರಲಾರದು. ಗೀರಿನ ವಿಷಯ ಮಾತ್ರ ದಯವಿಟ್ಟು ಬೇಗ ಹೇಳಿ, ಆ ಪುಟ ಹಾಗೇ ಖಾಲಿ ಬಿಟ್ಟಿದ್ದೇನೆ.